ಕೋಡಿ ಊರಿನ ಡೇರೆ: ಗೆಳೆಯನಿಗೊಂದು ಪತ್ರ

ಪ್ರಿಯ ಶೇಖರ,

ಎಷ್ಟೋ ವರ್ಷಗಳ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಮಗಳ ಮನೆಗೆಂದು ಅಮೆರಿಕಕ್ಕೆ ಬಂದವನನ್ನು ಅವಳು ಯೆಲ್ಲೋಸ್ಟೋನ್ ತೋರಿಸಲು ಹೊರಡಿಸಿದಳು. ದಾರಿಯಲ್ಲಿ ವಯೋಮಿಂಗ್‌ನ ಒಂದು ಊರು, ಹೆಸರು ಕೋಡಿ. ಕೆರೆ ಹುಡುಕಬೇಡ, ಸುತ್ತ ಒಣ ಬಯಲು. ಪಕ್ಕದ ಹಾರ್ಟ್ ಮೌಂಟನ್‌ನ ಕಥೆಯೊಂದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಜಪಾನಿನೊಡನೆ ಯುದ್ಧ ಶುರುವಾದ ಮೇಲೆ, 1942ರಲ್ಲಿ, ಅಮೆರಿಕ ತನ್ನ ನೆಲದಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯೊಳಗೆ ಕೂಡಿಹಾಕಿತು. ಅವರಲ್ಲಿ ಬಹುಪಾಲು ಜನ ಅಲ್ಲಿಯೇ ಹುಟ್ಟಿದ ಪ್ರಜೆಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ನಾರ್ಮನ್ ಮಿನೆಟಾಗೆ ಆಗ ಹತ್ತು ವರ್ಷ. ಕಬ್ ಸ್ಕೌಟ್ ಸಮವಸ್ತ್ರ ತೊಟ್ಟು, ಬೇಸ್‌ಬಾಲ್ ಬ್ಯಾಟು ಹಿಡಿದು ರೈಲಿಗೆ ಬಂದಿದ್ದ. ಆಯುಧವಾದೀತೆಂದು ಸಿಪಾಯಿ ಅದನ್ನು ಕಿತ್ತುಕೊಂಡ.

ಕಡೆಗೆ ಅವನನ್ನು ಸೇರಿಸಿದ ಶಿಬಿರವೇ ಹಾರ್ಟ್ ಮೌಂಟನ್. ಅದರ ಬೇಲಿಯೊಳಗೂ ಸ್ಕೌಟ್ ದಳಗಳಿದ್ದವು. ಕಾವಲು ಗೋಪುರ ಕಂಡರೆ ಸುತ್ತಲ ಊರಿನವರಿಗೆ ಹೆದರಿಕೆ. ಕೋಡಿಯ ಸ್ಕೌಟ್ ಮಾಸ್ಟರ್ ಮಾತ್ರ ತನ್ನ ಹುಡುಗರನ್ನು ಒಳಗೆ ಕರೆತಂದ. ಹಾಗೆ ಮಿನೆಟಾನಿಗೂ ಅಲನ್ ಸಿಂಪ್ಸನ್ ಎಂಬ ಬಿಳಿಯ ಹುಡುಗನಿಗೂ ಒಂದೇ ಪುಟ್ಟ ಡೇರೆ ಪಾಲಿಗೆ ಬಂತು. ಮಳೆ ನೀರು ಒಳಗೆ ಬಾರದಂತೆ ಸುತ್ತ ಕಾಲುವೆ ತೋಡಿದರು. ಇಳಿಜಾರಿನ ಕೆಳಗೆ ಸಿಂಪ್ಸನ್‌ಗೆ ಆಗದ ಪುಂಡನೊಬ್ಬನ ಡೇರೆ. ಕಾಲುವೆಯ ಬಾಯಿ ನೇರ ಅತ್ತ! ಮಳೆ ಹೊಯ್ಯಿತು, ಗೂಟಗಳು ಸಡಿಲಿದವು, ಡೇರೆ ಪುಂಡನ ಮೇಲೆ ಕುಸಿಯಿತು. ಸಿಂಪ್ಸನ್ ಬಿದ್ದು ಬಿದ್ದು ನಕ್ಕನಂತೆ.

ಈ ಕಥೆಯನ್ನು ಎಲ್ಲರೂ ನಗುವಿಗೇ ಮುಗಿಸುತ್ತಾರೆ. ನನಗೆ ಅಂಟಿಕೊಂಡದ್ದು ಆಮೇಲಿನದು. ಡೇರೆ ಮಡಿಸಿದ ಮೇಲೆ ಒಬ್ಬ ಗೇಟು ದಾಟಿ ಮನೆಗೆ ಹೋದ, ಇನ್ನೊಬ್ಬ ಮರದ ಹಲಗೆ, ಡಾಂಬರು ಕಾಗದದ ಬ್ಯಾರಕ್ಕಿಗೆ ಮರಳಿದ. ಒಂದೇ ಪ್ರತಿಜ್ಞೆ ಹೇಳಿದ ಹುಡುಗರು!

1971ರಲ್ಲಿ ಮಿನೆಟಾ ಸ್ಯಾನ್ ಹೋಸೆಯ ಮೇಯರ್ ಆದ ಸುದ್ದಿ ಓದಿ ಸಿಂಪ್ಸನ್ ಪತ್ರ ಹಾಕಿದರು. ಆಮೇಲೆ ಮಿನೆಟಾ ಡೆಮಾಕ್ರಟಿಕ್ ಸಂಸದ, ಸಿಂಪ್ಸನ್ ರಿಪಬ್ಲಿಕನ್ ಸೆನೆಟರ್. ಶಿಬಿರಗಳಲ್ಲಿದ್ದು ಬದುಕುಳಿದವರಿಗೆ ಕ್ಷಮೆಯನ್ನೂ ತಲಾ 20,000 ಡಾಲರನ್ನೂ ಕೊಟ್ಟ 1988ರ ಕಾನೂನಿಗಾಗಿ ಮಿನೆಟಾ ಪಟ್ಟು ಹಿಡಿದು ದುಡಿದರು, ಸಿಂಪ್ಸನ್ ಬೆಂಬಲಿಸಿದರು. ಬ್ಯಾಟಿನ ಕಥೆ ಕೇಳಿದ ಯಾರೋ ಮಿನೆಟಾಗೆ ದುಬಾರಿ ಬ್ಯಾಟೊಂದನ್ನು ಕಳಿಸಿದರೆ, ಸಂಸದರ ಉಡುಗೊರೆಯ ಮಿತಿ ಮೀರಿತೆಂದು ಅದನ್ನೂ ಹಿಂದಿರುಗಿಸಬೇಕಾಯಿತು. ಸರ್ಕಾರ ಮತ್ತೆ ನನ್ನ ಬ್ಯಾಟು ಕಿತ್ತುಕೊಂಡಿತು ಎಂದು ಅವರು ಗೊಣಗಿದರಂತೆ.

ಮಿನೆಟಾ 2022ರಲ್ಲಿ ತೀರಿಕೊಂಡರು, ಸಿಂಪ್ಸನ್ 2025ರಲ್ಲಿ.

ನಮ್ಮ ಸ್ಕೌಟ್ ಶಿಬಿರದ ಆ ರಾತ್ರಿ ನಮ್ಮದೇ ಡೇರೆಯ ಗೂಟ ಕಿತ್ತವರು ಯಾರು ಮಾರಾಯ? ನೀನೇ ಎಂದು ನನ್ನ ಗುಮಾನಿ. ಈಗಲಾದರೂ ಬರೆದು ತಿಳಿಸು.

ನಿನ್ನ,
ರಾಘು