ಉನ್ನತ ಶಿಕ್ಷಣ ಸಚಿವರಿಗೆ: ಚುನಾವಣೆ ತನ್ನಿ, ಜೊತೆಗೆ ಚರ್ಚೆಯನ್ನೂ ತನ್ನಿ

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಹೊಡೆದಾಟ ಜಾಸ್ತಿಯಾಯಿತು ಎಂದು ನಿಲ್ಲಿಸಿದರು. ಆ ಭಯ ಸುಳ್ಳಾಗಿರಲಿಲ್ಲ. ಈಗ ಮತ್ತೆ ಶುರು ಮಾಡುವ ಮಾತು ಕೇಳಿಬರುತ್ತಿದೆ. ದಯವಿಟ್ಟು ಶುರು ಮಾಡಿ. ಆದರೆ ಬರೀ ಮತದಾನ ನಡೆಸಿ ಕೈ ತೊಳೆದುಕೊಳ್ಳಬೇಡಿ.

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು. 18 ತುಂಬಿದ ನನ್ನ ವಿದ್ಯಾರ್ಥಿನಿ ವಿಧಾನಸಭೆಗೆ ಮತ ಹಾಕುತ್ತಾಳೆ. ಅವಳ ತರಗತಿಯ ಪ್ರತಿನಿಧಿಯನ್ನು ಮಾತ್ರ ನಾವು ಅಂಕ ನೋಡಿ ನೇಮಿಸುತ್ತೇವೆ! ಸ್ಕಾಲರ್‌ಶಿಪ್ ತಡವಾಗಿದ್ದರ ಬಗ್ಗೆ ಒಂದು ಸಭೆ ಕರೆಯಬೇಕೆಂದರೂ ಅರ್ಜಿ ಹಿಡಿದು ಅಲೆಯಬೇಕು. ಯಾರೂ 'ಆಗಲ್ಲ' ಎನ್ನುವುದಿಲ್ಲ. ಹಾಲ್ ಖಾಲಿ ಇಲ್ಲ, ಮೇಲಿನವರನ್ನು ಕೇಳಬೇಕು, ಸುಮ್ನೆ ಗಲಾಟೆ ಯಾಕೆ ಎನ್ನುತ್ತಾರೆ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಗಲಾಟೆ ಆಗಬಹುದು ಎಂಬ ಬೆದರಿಕೆಗೆ ಹೆದರಿ ಮಾತನ್ನು ಹತ್ತಿಕ್ಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಒಂದು ಸಿನಿಮಾದ ವಿಷಯವಾಗಿ ಬಂದ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ತಡೆಯಬೇಕಾದದ್ದು ಬೆದರಿಸುವವರನ್ನು. ಹಾಗಾಗಿ ಒಂದು ನಿಯಮ ಮಾಡಿ: ಸಭೆಗೆ ಅನುಮತಿ ಕೊಡದಿದ್ದರೆ ವಾರದೊಳಗೆ ಕಾರಣವನ್ನು ಬರೆದು ಕೊಡಬೇಕು. ಎಡದವರಿಗೂ ಬಲದವರಿಗೂ ಒಂದೇ ನಿಯಮ.

ಇನ್ನು ಚುನಾವಣೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಮತದಾನಕ್ಕೆ ಮೊದಲು ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಒಂದೇ ವೇದಿಕೆ ಹತ್ತುತ್ತಾರೆ. ಭಾಷಣ ಮಾಡಿ ಇಳಿದು ಹೋಗುವಂತಿಲ್ಲ. ಎದುರಾಳಿ ಕೇಳಿದ್ದಕ್ಕೆ ಅಲ್ಲೇ, ಎಲ್ಲರ ಮುಂದೆ ಉತ್ತರ ಕೊಡಬೇಕು. ಚುನಾವಣೆ ನಡೆಸುವ ಆಯೋಗವೂ ವಿದ್ಯಾರ್ಥಿಗಳದ್ದೇ. ಅಲ್ಲೂ ಜಗಳವಾಗಿದೆ, ಹೊಡೆದಾಟವೂ ಆಗಿದೆ. ಆದರೂ ರಾತ್ರಿ ನಡೆಯುವ ಆ ಚರ್ಚೆ ನನಗೆ ತುಂಬಾ ಬೆಲೆಯುಳ್ಳದ್ದು ಅನ್ನಿಸುತ್ತದೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಅಲ್ಲಿ ಉತ್ತರ ಕೊಡಲಾಗದು. ಇದನ್ನು ನಮ್ಮಲ್ಲಿ ಕಡ್ಡಾಯ ಮಾಡಿ.

ದುಡ್ಡು ಸುರಿಯುತ್ತಾರೆ ಎನ್ನುವವರಿಗೆ ವಿದ್ಯಾರ್ಥಿ ಸಂಘದ ಚುನಾವಣೆ ಹೇಗಿರಬೇಕೆಂದು ಹೇಳಿದ ಲಿಂಗ್ಡೊ ಸಮಿತಿಯ ವರದಿ ತೋರಿಸಿ. ಒಬ್ಬ ಅಭ್ಯರ್ಥಿಗೆ 5,000 ರೂಪಾಯಿ ಮಿತಿ, ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ. ಅದನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು.

ಇಷ್ಟೆಲ್ಲ ಯಾಕೆ ಕೇಳುತ್ತೇನೆಂದರೆ, ನಮ್ಮ ಸದನಗಳನ್ನು ನೋಡಿ ನೋವಾಗುತ್ತದೆ. 2020ರ ಡಿಸೆಂಬರ್ 15ರಂದು ಕಾಂಗ್ರೆಸ್ ಸದಸ್ಯರು ವಿಧಾನ ಪರಿಷತ್ತಿನ ಉಪಸಭಾಪತಿಯನ್ನು ಪೀಠದಿಂದ ಎಳೆದರು. 2025ರ ಮಾರ್ಚ್‌ನಲ್ಲಿ ಬಿಜೆಪಿ ಶಾಸಕರು ಸಭಾಧ್ಯಕ್ಷರತ್ತ ಕಾಗದ ಹರಿದು ಎಸೆದರು, 18 ಜನ ಅಮಾನತಾದರು. ಆ ಗದ್ದಲದಲ್ಲೇ ಮಂತ್ರಿಗಳ ಸಂಬಳ ಏರಿಸುವ ಮಸೂದೆ ಪಾಸಾಯಿತು. ಅದರ ಮೇಲೆ ಚರ್ಚೆ ಆಗಬೇಕಿತ್ತು, ಅಲ್ವಾ? ನನ್ನ ವಿದ್ಯಾರ್ಥಿಗಳು ಇದನ್ನೆಲ್ಲ ಮೊಬೈಲಿನಲ್ಲಿ ನೋಡುತ್ತಾರೆ. ರಾಜಕೀಯ ಅಂದರೆ ಇಷ್ಟೇ ಅಂದುಕೊಳ್ಳುತ್ತಾರೆ.

ಕೊನೆಯದಾಗಿ, ಇದು ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯಗಳಿಗಷ್ಟೇ ಸೀಮಿತವಾಗದಿರಲಿ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನೂ ಮಹಿಳಾ ಕಾಲೇಜುಗಳನ್ನೂ ಮೊದಲ ಸುತ್ತಿನಲ್ಲೇ ಸೇರಿಸಿ. ಅಲ್ಲಿ ಚರ್ಚೆ ಕನ್ನಡದಲ್ಲೇ ನಡೆಯಲಿ.

ವಂದನೆಗಳೊಂದಿಗೆ,
ಒಬ್ಬ ಕಾಲೇಜು ಅಧ್ಯಾಪಕಿ