ಮೋಟರ್ ಬಿಚ್ಚುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಲ್ಲಿ 31 ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ಪುಟಾಣಿ ಕೆಂಪು ಕಾರೊಂದನ್ನು ತಂದು ನಿಲ್ಲಿಸಿದರು. 1990ರ ಮಾಜ್ದಾ ಎಂಎಕ್ಸ್-5. ಮಾಜ್ದಾ ಅಂದರೆ ನಾನು ಕಂಡಿದ್ದು ಸ್ವರಾಜ್ ಮಾಜ್ದಾ ಲಾರಿ ಮಾತ್ರ! ಇದರ ಹೆಡ್‌ಲೈಟ್ ಮೂತಿಯೊಳಗೆ ಅಡಗಿರುತ್ತದೆ. ಸ್ವಿಚ್ ಹಾಕಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೇಳುತ್ತದೆ. ಬಲಗಡೆಯದು ಎದ್ದಿತು, ಎಡಗಡೆಯದು ಏಳಲೇ ಇಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ ಒಂದೇ ಲೈಟ್ ಕಂಡರೆ ಎದುರಿನವನು ಬೈಕ್ ಅಂದುಕೊಳ್ಳುತ್ತಾನೆ, ಅಲ್ವಾ?

ದೊಡ್ಡ ವರ್ಕ್‌ಶಾಪ್ ಒಂದರಲ್ಲಿ 'ಲೈಟ್ ಎತ್ತುವ ಮೋಟರನ್ನೇ ಪೂರ್ತಿ ಹೊರದೇಶದಿಂದ ತರಿಸಬೇಕು' ಅಂದಿದ್ದರಂತೆ. ಇನ್ನೊಂದು ಕಡೆ ಲೈಟನ್ನು ಎತ್ತಿ ಬೈಂಡಿಂಗ್ ವೈರ್ ಸುತ್ತಿ ಕಳಿಸಿದ್ದರು. ಮೋಟರನ್ನು ಬಿಚ್ಚಿ ನೋಡಿದವರು ಯಾರೂ ಇಲ್ಲ.

ಈ ಕಾರಿನ ಮೋಟರ್ ತಲೆಯ ಮೇಲೆ ಒಂದು ರಬ್ಬರ್ ಟೋಪಿ ಇದೆ. ಅದರಡಿ ಕೈಯಲ್ಲಿ ತಿರುಗಿಸುವ ನಾಬ್. ಮೊದಲು ಲೈಟ್ ಎತ್ತುವ ಮೋಟರಿನ 30 ಆಂಪಿಯರ್ ಫ್ಯೂಸ್ ಕಿತ್ತೆ. ಮೋಟರ್ ಥಟ್ಟನೆ ಓಡಿದರೆ ಬೆರಳಿಗೆ ಅಪಾಯ. ಆಮೇಲೆ ನಾಬ್ ತಿರುಗಿಸಿದೆ, ಲೈಟ್ ನಿಧಾನಕ್ಕೆ ಮೇಲೆ ಬಂತು. (1936ರ ಅಮೆರಿಕದ ಕಾರ್ಡ್ 810 ಕಾರಿನಲ್ಲಿ ದಿನಾ ಇದೇ ಕೆಲಸ, ಡ್ಯಾಶ್‌ಬೋರ್ಡಿನ ಹ್ಯಾಂಡಲ್ ತಿರುಗಿಸಿಯೇ ಲೈಟ್ ಎಬ್ಬಿಸಬೇಕಿತ್ತು.) ಕೈಯಲ್ಲಿ ತಿರುಗಿಸಿದರೆ ಲೈಟ್ ಏಳುತ್ತದೆ ಅಂದರೆ ಗೇರ್ ಸರಿ ಇದೆ. ಫ್ಯೂಸ್ ಹಾಕಿ ಟೆಸ್ಟ್ ಲ್ಯಾಂಪ್ ಹಿಡಿದೆ, ಕರೆಂಟ್ ಬರುತ್ತಿತ್ತು. ಅರ್ತ್ ಕೂಡ ಸರಿ. ಉಳಿದಿದ್ದು ಮೋಟರಿನ ಹೊಟ್ಟೆ.

ಬಿಚ್ಚಿದರೆ ನಮ್ಮ ವೈಪರ್ ಮೋಟರಿನ ಅಣ್ಣತಮ್ಮ! ತಂತಿ ಸುತ್ತಿದ, ತಿರುಗುವ ಅದೇ ಆರ್ಮೇಚರ್, ತಿರುಪಿನಂಥ ಅದೇ ವರ್ಮ್ ಗೇರ್. ಮೋಟರ್ ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಅರ್ಧ ಸುತ್ತಿಗೆ ಲೈಟ್ ಮೇಲೆ, ಇನ್ನರ್ಧಕ್ಕೆ ಕೆಳಗೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಒಳಗಿನ ತಾಮ್ರದ ಬಿಲ್ಲೆ ಹೇಳುತ್ತದೆ. ಆ ಬಿಲ್ಲೆಗೇ ಹಸಿರು ಕಿಲುಬು ಹಿಡಿದಿತ್ತು. ಗ್ರೀಸ್ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಆರ್ಮೇಚರಿಗೆ ಉಜ್ಜಿಕೊಂಡು ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಒಂದು ಸವೆದು ಚೂರಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಬಿಲ್ಲೆಗೆ ಜೀರೋ ಪೇಪರ್ ಉಜ್ಜಿ, ವೈಪರ್ ಮೋಟರಿನ ಬ್ರಷ್ಷನ್ನೇ ಅರದಿಂದ ತಿಕ್ಕಿ ಅಳತೆಗೆ ತಂದು ಕೂರಿಸಿದೆ. ಸಾಮಾನಿಗೆ ಆದ ಖರ್ಚು 90 ರೂಪಾಯಿ. ಎರಡು ಲೈಟೂ ಒಟ್ಟಿಗೆ ಎದ್ದಾಗ ಟೀ ತಂದ ಹುಡುಗ ಲೋಟ ಕೊಡುವುದನ್ನೇ ಮರೆತ.

ಇಂಥ ಲೈಟಿನ ಹೊಸ ಕಾರುಗಳು 2004ಕ್ಕೇ ನಿಂತುಹೋದವು. ಇನ್ನೊಂದು ನನ್ನ ಅಂಗಡಿಗೆ ಬರುತ್ತದೋ ಇಲ್ಲವೋ. ಆದರೆ ವೈಪರ್, ಕಿಟಕಿ ಗಾಜು, ರೇಡಿಯೇಟರ್ ಫ್ಯಾನ್, ಎಲ್ಲಕ್ಕೂ ಇಂಥದೇ ಮೋಟರ್. ನನ್ನ ಹತ್ತಿರ ಕೆಲಸ ಕೇಳಿಕೊಂಡು ಬರುವ ಐಟಿಐ ಹುಡುಗರು ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಹಾಕುತ್ತಾರೆ, ಪಾರ್ಟ್ ನಂಬರ್ ಹುಡುಕುತ್ತಾರೆ. ಅದೂ ಬೇಕು, ಸುಮ್ನೆ ಬೈಯುತ್ತಿಲ್ಲ. ಆದರೆ ಎರಡು ವರ್ಷ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಓದಿದವನಿಗೆ ಬ್ರಷ್ ಎಷ್ಟು ಸವೆದರೆ ಬದಲಿಸಬೇಕು ಅಂತ ಗೊತ್ತಿರಬೇಡವೇ?

ನಮ್ಮ ಜಿಲ್ಲೆಯ ಐಟಿಐಗಳಲ್ಲಿ ವಾರಕ್ಕೆ ಅರ್ಧ ದಿನ ಹಳೇ ಮೋಟರ್ ಬಿಚ್ಚಿ ಜೋಡಿಸುವ ಪಾಠ ಇಡಲಿ. ಇದಕ್ಕೆ ಗುಜರಿ ಸಾಮಾನೇ ಸಾಕು. ಅದನ್ನೂ ಕೊಳ್ಳುವುದು ಬೇಡ, ನನ್ನ ಬೆಂಚಿನ ಕೆಳಗೆ ಒಂದು ಕಾಫಿ ಚೀಲದ ತುಂಬ ಇದೆ. ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಬಂದು ಒಯ್ಯಬಹುದು.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ಚಿಕ್ಕಮಗಳೂರು