ಮೂರು ಸಲ ಒಗೆದ ಮೇಲೆ ಕಸೂತಿ

ಕುಷ್ಟಗಿ

ಚಿ. ಮಗಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮೊನ್ನೆ ನಿನ್ನ ಫೋನ್ ಬಂದಾಗಿನಿಂದ ನನ್ನ ಕೈ ಸುಮ್ಮನಿಲ್ಲ, ಹಳೇ ಹೊಲಿಗೆ ಡಬ್ಬಿ ತೆಗೆದು ಕೂತಿದ್ದೇನೆ. ರಾಯಚೂರಿನ ಬಿಸಿಲಿಗೆ ನೈಲಾನು, ಪಾಲಿಯೆಸ್ಟರು ಮೈಗೆ ಅಂಟುತ್ತವೆ, ಇನ್ನು ನನ್ನ ಹತ್ತಿ ಅರಿವಿ ನಾನೇ ಕೈಯಿಂದ ಹೊಲಿದುಕೊಳ್ಳುತ್ತೇನೆ ಅಂದೆಯಲ್ಲ, ಬಹಳ ಛಲೋ ಅನಿಸಿತು. ಮೂರು ಮೀಟರು ಕೈಮಗ್ಗದ ಬಟ್ಟೆ ತಂದು, ಎದೆಯ ಮೇಲಿನ ಕಸೂತಿಯನ್ನು ಪೆನ್ಸಿಲಿನಿಂದ ಬರೆದೂ ಇಟ್ಟಿದ್ದೀಯಂತೆ. ಅಲ್ಲೇ ನಿಲ್ಲಿಸು ನನ್ನವ್ವ. ಕಸೂತಿ ಎಲ್ಲಕ್ಕಿಂತ ಕಡೆಗೆ.

ನಿನ್ನ ವಯಸ್ಸಿನಲ್ಲಿ ನಾನು ಒಂದು ಬಿಳಿ ಕುಬಸಕ್ಕೆ ತಿಂಗಳುಗಟ್ಟಲೆ ಕೂತು ಕೆಂಪು ದಾರದಲ್ಲಿ ಹೂವು ತೆಗೆದಿದ್ದೆ. ಬಟ್ಟೆಯನ್ನು ಮೊದಲು ನೀರಿಗೆ ಹಾಕಿರಲಿಲ್ಲ. ಒಂದೇ ಒಗೆತಕ್ಕೆ ಅರಿವಿ ಕುಗ್ಗಿತು, ದಾರ ಹಾಗೇ ಉಳಿಯಿತು. ಬಿಗಿಯಾಗಿ ಕೂತಿದ್ದ ಎಳೆಗಳೆಲ್ಲ ಸಡಿಲಾಗಿ ಎದ್ದು ನಿಂತವು, ಕೆಂಪು ಬಣ್ಣ ಬಿಳಿಯ ಮೇಲೆ ಹರಿದುಹೋಯಿತು. ಆವತ್ತು ಅತ್ತಿದ್ದು ಇನ್ನೂ ನೆನಪಿದೆ.

ಕೈಮಗ್ಗದ ಹತ್ತಿ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ನೂಲು ನೀರು ಕುಡಿದ ಮೇಲೆ ತನ್ನ ಮೊದಲಿನ ಅಳತೆಗೆ ಮರಳುತ್ತದೆ. ಆದ್ದರಿಂದ ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸು, ಮುಂಜಾನೆ ಒಗೆದು ನೆರಳಲ್ಲಿ ಒಣಹಾಕು, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡು. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಕಸೂತಿ ದಾರವನ್ನೂ ಒದ್ದೆ ಮಾಡಿ ಬಿಳಿ ಚಿಂದಿಯ ನಡುವೆ ಒತ್ತಿ ನೋಡು. ಕಲೆ ಬಿದ್ದರೆ ಆ ದಾರ ನಿನಗೆ ಬೇಡ.

ಕತ್ತರಿ ಹಿಡಿಯುವ ಮೊದಲು ಅಂಚಿನಿಂದ ಒಂದು ಹೊಕ್ಕಿನ ಎಳೆಯನ್ನು, ಅಂದರೆ ಅಡ್ಡಕ್ಕೆ ನೇಯ್ದ ನೂಲನ್ನು, ಮೆಲ್ಲಗೆ ಎಳೆದು ತೆಗೆ. ಬಟ್ಟೆಯಲ್ಲಿ ಗೆರೆ ಮೂಡುತ್ತದೆ, ಅದರ ಮೇಲೇ ಕತ್ತರಿಸು. ಸ್ಕೇಲಿಗಿಂತ ಅದು ನೇರ.

ಮೊದಲ ಅಂಗಿಗೆ ಕಂಕುಳ ಸುತ್ತುಗಳ ಗೋಜು ಬೇಡ. ನಿಮ್ಮ ಮುತ್ಯಾ ತೊಡುತ್ತಿದ್ದ ದೊಗಲೆ ಅಂಗಿ ನೆನಪು ಮಾಡಿಕೋ: ಮೈಗೆ ಉದ್ದ ತುಂಡು, ತೋಳಿಗೆ ಎರಡು ತುಂಡು, ಕಂಕುಳಲ್ಲಿ 10–12 ಸೆಂಟಿಮೀಟರಿನ ಒಂದೊಂದು ಚೌಕ. ಎಲ್ಲವೂ ನೇರ ಕತ್ತರಿ, ಬಟ್ಟೆ ಹಾಳಾಗುವುದಿಲ್ಲ. ಆ ಚೌಕ ಇದ್ದರೆ ಹಗ್ಗದ ಮೇಲೆ ಅರಿವಿ ಹರವಲು ಕೈ ಎತ್ತಿದಾಗ ಅಂಗಿ ಎಳೆದು ಹಿಡಿಯುವುದಿಲ್ಲ. ನಮ್ಮ ಕಡೆ ಹೊಲದಲ್ಲಿ ದುಡಿಯುವವರ ಅಂಗಿಗಳು ಹೀಗೇ ಇರುತ್ತಿದ್ದವು.

ಹತ್ತಿಗೆ ಹತ್ತಿ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ಅಂತ ಅಂಗಡಿಯವರು ಕೊಡುತ್ತಾರೆ. ಗಟ್ಟಿ ಇರುವುದೇ ತೊಂದರೆ. ಅಂಗಿ ಎಲ್ಲಾದರೂ ಸಿಕ್ಕಿ ಎಳೆದಾಗ ದಾರ ಹರಿಯಬೇಕು, ಅರಿವಿ ಹರಿಯಬಾರದು. ದಾರವನ್ನಾದರೆ ಹತ್ತು ನಿಮಿಷದಲ್ಲಿ ಮತ್ತೆ ಹಾಕಬಹುದು. ಒಂದು ಸಲಕ್ಕೆ ಮೊಳದಷ್ಟೇ ದಾರ ತೆಗೆದುಕೋ, ಉದ್ದವಾದರೆ ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಹಾದುಹಾದು ಸವೆಯುತ್ತದೆ. ಹೊಲಿಯುವ ಮುಂಚೆ ಅದನ್ನು ಜೇನುಮೇಣದ ಮೇಲೆ ಒಮ್ಮೆ ಎಳೆ.

ಹೊಲಿಗೆ ನಿನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಹಳೇ ಸೀರೆ ಹಾಸಿ ಕೌದಿ ಹೊಲಿಯುವಾಗ ನನ್ನ ಪಕ್ಕ ಕೂತು ಸಾಲು ಹಾಕುತ್ತಿದ್ದೆಯಲ್ಲ, ಅದೇ ಓಟದ ಹೊಲಿಗೆ, ಇಲ್ಲಿ ಇನ್ನಷ್ಟು ಸಣ್ಣಗೆ. ನಾಲ್ಕೈದು ಹೊಲಿಗೆಗೊಮ್ಮೆ ಒಂದು ಹಿಂದಕ್ಕೆ ಹಾಕು. ತೋಳು, ಕಂಕುಳು ಕೂಡುವಲ್ಲಿ ಪೂರ್ತಿ ಹಿಂದುಹೊಲಿಗೆ. ಒಳಗೆ ಎರಡು ಸೆಂಟಿಮೀಟರು ಬಟ್ಟೆ ಬಿಡು. ಒಂದು ಅಂಚನ್ನು ಅರ್ಧ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ, ಒಳಗಿನಿಂದ ಹೊಲಿದು ಮುಚ್ಚು. ಬೇಸರ ಬರುತ್ತದೆ, ಗೊತ್ತು. ಆದರೆ ಎಳೆ ಬಿಚ್ಚಿಕೊಳ್ಳುವ ಅಂಚು ಬೆವರಿನ ಮೈಗೆ ತುರಿಸುತ್ತದೆ, ಆರು ತಿಂಗಳಲ್ಲಿ ಹೊಲಿಗೆಯನ್ನೇ ತಿಂದುಹಾಕುತ್ತದೆ.

ಈಗ ಆ ಅಂಗಿಯನ್ನು ಹಾಗೇ ತೊಡು. ಮೂರು ಸಲ ತೊಟ್ಟು ಮೂರು ಸಲ ಒಗೆ. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಎಳೆತ ಬೀಳುತ್ತಿದೆ ಅಂತ ಅಂಗಿಯೇ ತೋರಿಸುತ್ತದೆ: ಕೊರಳ ಸೀಳಿನ ತುದಿ, ಜೇಬಿನ ಮೂಲೆಗಳು, ಪಕ್ಕದ ಸೀಳು ಶುರುವಾಗುವ ಜಾಗ. ಕಸೂತಿ ಹೋಗಬೇಕಾದದ್ದು ಅಲ್ಲಿಗೆ, ಹೂವೂ ಆಯಿತು, ಬಲವೂ ಆಯಿತು.

ಧಾರವಾಡದ ಕಡೆಯ ಕಸೂತಿಗೆ ಪೆನ್ಸಿಲ್ ಬೇಕಿಲ್ಲ, ಎಳೆ ಎಣಿಸಿ ಹಾಕುವುದು. ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳೆರಡಕ್ಕೂ ಗಂಟಿಲ್ಲ, ಹಿಂದೂ ಮುಂದೂ ಒಂದೇ ರೂಪ. ಗವಂತಿಯಿಂದ ಶುರು ಮಾಡು, ನೇಗಿ, ಮೆಂತ್ಯೆ ಹೊಲಿಗೆಗಳು ಆಮೇಲೆ. ಕನ್ನಡಿ ಹಚ್ಚುವ ಆಸೆಯಿದ್ದರೆ ಮಾತ್ರ ಒಮ್ಮೆ ಹೊಸಪೇಟೆ ಮೇಲಿಂದ ಸಂಡೂರಿಗೆ ಹೋಗಿ ಬಾ. ಅಲ್ಲಿ ಲಂಬಾಣಿ ಕಸೂತಿಯ ಕುಶಲ ಕಲಾ ಕೇಂದ್ರ ಇದೆ. 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಕೈಯಿಂದ ಮಾಡಿದ 1755 ಕಸೂತಿ ವಸ್ತುಗಳನ್ನು ಒಂದೆಡೆ ಇಟ್ಟಾಗ ಗಿನ್ನೆಸ್ ದಾಖಲೆಯಾಯಿತು. ಫೋಟೋ ನೋಡಿ ನಕಲು ಮಾಡಬೇಡ. ಅವರ ಕೈಯ ಪಕ್ಕ ಕೂತು ನೋಡು, ಕನ್ನಡಿಯ ಸುತ್ತ ದಾರ ಹೇಗೆ ಹಿಡಿಯುತ್ತದೆ ಅಂತ. ಒಂದು ಚೀಲವನ್ನಾದರೂ ಚೌಕಾಸಿ ಮಾಡದೆ ಕೊಂಡುಕೋ, ತಿಂಗಳುಗಟ್ಟಲೆ ಕೂತ ಕಣ್ಣಿನ ಬೆಲೆ ಅದು.

ಈ ಕಾಗದದ ಜೊತೆ 8, 9ನೇ ನಂಬರಿನ ಸೂಜಿ, ಒಂದು ತುಂಡು ಜೇನುಮೇಣ, ಗುಳೇದಗುಡ್ಡದ ಖಣದ ಒಂದು ಗೇಣು ಕಳಿಸಿದ್ದೇನೆ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ, ಮರೆಯಬೇಡ. ಖಣ ಕೊರಳಪಟ್ಟಿಗೆ ಬರುತ್ತದೆ, ಅದನ್ನೂ ನೀರು ಕಾಣಿಸಿಯೇ ಹಚ್ಚು. ದೀಪಾವಳಿಗೆ ಬರುವಾಗ ಅಂಗಿ ತಾ, ಒಳಮೈ ಹೊರಗೆ ಮಾಡಿ ಮಡಚಿಟ್ಟುಕೊಂಡು ಬಾ. ನಾನು ಮೊದಲು ನೋಡುವುದು ಅದನ್ನೇ. ಕತ್ತರಿಸಿ ಉಳಿದ ಚೂರುಗಳನ್ನೂ ಚೀಲಕ್ಕೆ ಹಾಕಿಕೋ, ಕೌದಿಗೆ ಬೇಕು.

ನಿನ್ನ
ದೊಡ್ಡವ್ವ